ಕಾರು ನಿಂತರೂ ಮೈ ನಿಲ್ಲುವುದಿಲ್ಲ: ಸೀಟ್ ಬೆಲ್ಟಿನ ಕೆಲಸ, ಅದು ಕೈಕೊಡುವ ಬಗೆ

(ಕಾರು ಚಾಲಕರು ಮತ್ತು ಮಾಲೀಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೀಟ್ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳುವುದಕ್ಕೆ ಒಂದು ಉಪನ್ಯಾಸ ಬೇಕಿಲ್ಲ. ರಸ್ತೆ ಬದಿಯ ಬೋರ್ಡು ಹೇಳುತ್ತದೆ, ಪೊಲೀಸರು ಹೇಳುತ್ತಾರೆ, ಕಾರೇ ಟಿಣ್ ಟಿಣ್ ಎಂದು ತಲೆ ತಿನ್ನುತ್ತದೆ. ಆದರೂ ಪೊಲೀಸರು ಕಂಡಾಗ ಬೆಲ್ಟನ್ನು ಎಳೆದು ಎದೆಗಡ್ಡ ಹಿಡಿದುಕೊಳ್ಳುವುದು, ದಾಟಿದ ಮೇಲೆ ಬಿಟ್ಟುಬಿಡುವುದು ನಮ್ಮಲ್ಲಿ ಹೊಸದೇನಲ್ಲ. ಬೆಲ್ಟ್ ಎಂದರೆ ದಂಡದಿಂದ ತಪ್ಪಿಸಿಕೊಳ್ಳುವ ವಸ್ತು ಎಂಬ ಭಾವನೆ ಇರುವವರೆಗೆ ಅದು ಹೀಗೇ ನಡೆಯುತ್ತದೆ. ಹಾಗಾಗಿ ಆ ಪಟ್ಟಿ ನಿಜಕ್ಕೂ ಏನು ಮಾಡುತ್ತದೆ, ಯಾವ ಸಂದರ್ಭದಲ್ಲಿ ಹಾಕಿಕೊಂಡರೂ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಬಿಚ್ಚಿ ನೋಡೋಣ.

ಮೊದಲು ಒಂದು ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಊರೊಳಗಿನ ಓಟ. ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ತಾರಸಿಯಿಂದ, ನೆಲಕ್ಕೆ ಬಿದ್ದಂತೆ. 80ರಲ್ಲಿ ಆ ಎತ್ತರ 25 ಮೀಟರ್. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯಾದ 100ರಲ್ಲಿ 39 ಮೀಟರ್, ಹದಿಮೂರು ಅಂತಸ್ತು. ವೇಗ ಇಮ್ಮಡಿಯಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ ಎನ್ನುವುದನ್ನು ಗಮನಿಸಿ.

ಅಪಘಾತದಲ್ಲಿ ಡಿಕ್ಕಿ ಒಂದೇ ಅಲ್ಲ. ಕಾರು ಮರಕ್ಕೋ ಲಾರಿಗೋ ಬಡಿಯುವುದು ಮೊದಲನೆಯದು. ಕಾರು ನಿಲ್ಲುತ್ತಿದ್ದರೂ ಒಳಗಿರುವವರ ಮೈ ಹಳೆಯ ವೇಗದಲ್ಲೇ ಮುಂದೆ ಹೋಗಿ ಸ್ಟೀರಿಂಗಿಗೆ, ಡ್ಯಾಶ್‌ಬೋರ್ಡಿಗೆ, ಗಾಜಿಗೆ ಬಡಿಯುವುದು ಎರಡನೆಯದು. ಮೈ ನಿಂತ ಮೇಲೆ ಮೆದುಳು ತಲೆಬುರುಡೆಯ ಒಳಗೋಡೆಗೆ, ಹೃದಯ ಎದೆಗೂಡಿಗೆ ಬಡಿಯುವುದು ಮೂರನೆಯದು. ಇದೆಲ್ಲ ಮುಗಿಯುವುದು ಸೆಕೆಂಡಿನ ಏಳೆಂಟನೇ ಒಂದು ಭಾಗದಲ್ಲಿ. ಕೈ ಅಡ್ಡ ಕೊಡುತ್ತೇನೆ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎನ್ನುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಇದ್ದರೂ ತೋಳಿಗೆ ಆ ಶಕ್ತಿಯಿಲ್ಲ.

ಈಗ ಬೆಲ್ಟಿನ ಕೆಲಸ. 50ರ ವೇಗದಲ್ಲಿ ಬಡಿದಾಗ ಕಾರಿನ ಮೂತಿ ಐವತ್ತು ಅರವತ್ತು ಸೆಂಟಿಮೀಟರ್ ನಜ್ಜುಗುಜ್ಜಾಗುತ್ತದೆ. ಅದು ಕೆಟ್ಟ ಕಾರು ಎಂಬುದಕ್ಕೆ ಗುರುತಲ್ಲ. ಹಾಗೆ ಕುಸಿಯಲೆಂದೇ ಆ ಭಾಗವನ್ನು ಮಾಡಿರುತ್ತಾರೆ. ಬೆಲ್ಟ್ ಹಾಕಿದವರು ಸೀಟಿಗೆ ಕಟ್ಟಿದಂತಿರುವುದರಿಂದ ಆ ಕುಸಿತದ ದೂರದಲ್ಲಿ ಅವರಿಗೂ ಪಾಲು ಸಿಗುತ್ತದೆ. ಪಟ್ಟಿ ಹಿಗ್ಗುವುದರಿಂದ ಇನ್ನೊಂದು ಇಪ್ಪತ್ತು ಸೆಂಟಿಮೀಟರ್. ಒಟ್ಟು 80 ಸೆಂಟಿಮೀಟರ್ ದೂರದಲ್ಲಿ ಮೈ ನಿಂತರೆ 70 ಕೆಜಿ ತೂಕದವರ ಮೇಲೆ ಬೀಳುವ ಸರಾಸರಿ ಭಾರ ಸುಮಾರು 860 ಕೆಜಿ. ಭಯವಾಗುವ ಸಂಖ್ಯೆಯೇ. ಆದರೆ ಅದು ಭುಜ, ಎದೆ, ಸೊಂಟದ ಎಲುಬುಗಳ ಮೇಲೆ ಹಂಚಿಹೋಗುತ್ತದೆ, ಮೈ ತಾಳಿಕೊಳ್ಳುತ್ತದೆ. ಬೆಲ್ಟ್ ಇಲ್ಲದವರಿಗೆ ಆ ಅರವತ್ತು ಸೆಂಟಿಮೀಟರಿನ ಲಾಭ ಸಿಗುವುದೇ ಇಲ್ಲ. ಅವರು ಡ್ಯಾಶ್‌ಬೋರ್ಡ್ ತಲುಪುವ ಹೊತ್ತಿಗೆ ಕಾರು ಬಹುತೇಕ ನಿಂತುಬಿಟ್ಟಿರುತ್ತದೆ. ಉಳಿಯುವುದು ಡ್ಯಾಶ್‌ಬೋರ್ಡ್ ತಗ್ಗುವ ಹತ್ತು ಸೆಂಟಿಮೀಟರ್ ಮಾತ್ರ. ಅದೇ ಲೆಕ್ಕದಲ್ಲಿ ಭಾರ ಸುಮಾರು 7 ಟನ್, ಅದೂ ಮುಖಕ್ಕೋ ಎದೆಯ ಒಂದು ಜಾಗಕ್ಕೋ.

ಈ ಉಪಕರಣ ಇಂದಿನ ರೂಪಕ್ಕೆ ಬಂದದ್ದು 1959ರಲ್ಲಿ. ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್ ಮೊದಲು ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್ ತುರ್ತಾಗಿ ಹೊರಚಿಮ್ಮುವ ಸೀಟುಗಳ ಮೇಲೆ ಕೆಲಸ ಮಾಡಿದ್ದವರು. ಆಮೇಲೆ ವೋಲ್ವೊ ಸೇರಿದರು. ಅದಕ್ಕೆ ಮೊದಲು ಇದ್ದದ್ದು ಹೊಟ್ಟೆಗೆ ಅಡ್ಡವಾಗಿ ಕಟ್ಟುವ ಪಟ್ಟಿ. ಅದರಲ್ಲಿ ಸೊಂಟದ ಮೇಲಿನ ಮೈ ಮಡಚಿಕೊಂಡು ತಲೆ ಮುಂದಕ್ಕೆ ಬಡಿಯುತ್ತಿತ್ತು, ಪಟ್ಟಿ ಹೊಟ್ಟೆಯನ್ನು ಹಿಂಡುತ್ತಿತ್ತು. ಬೋಲಿನ್ ಒಂದೇ ಪಟ್ಟಿಯನ್ನು ಭುಜದಿಂದ ಸೊಂಟಕ್ಕೆ, ಅಲ್ಲಿಂದ ಅಡ್ಡಲಾಗಿ ಆಚೆ ಬದಿಗೆ ತಂದು, ಬಕಲ್ಲನ್ನು ಹೊಟ್ಟೆಯ ಮೇಲಿಂದ ಪಕ್ಕಕ್ಕೆ ಸರಿಸಿದರು. ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು ಎನ್ನುವುದು ಅದರ ದೊಡ್ಡ ಗೆಲುವು. ವೋಲ್ವೊ ಆ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು. 1970ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಬೆಲ್ಟ್ ಧರಿಸುವುದನ್ನು ಕಡ್ಡಾಯ ಮಾಡಿತು.

ಬೆಲ್ಟಿನ ಭಾಗಗಳನ್ನು ಒಂದೊಂದಾಗಿ ನೋಡೋಣ. ಪಟ್ಟಿ ಪಾಲಿಯೆಸ್ಟರ್ ನೂಲಿನ ನೇಯ್ಗೆ. ಯುರೋಪಿನ ಮಾನದಂಡದ ಪ್ರಕಾರ ಅಗಲ 46 ಮಿಲಿಮೀಟರಿಗೆ ಕಡಿಮೆ ಇರಬಾರದು, ಹರಿಯಬೇಕಾದರೆ ಒಂದೂವರೆ ಟನ್ನಿನಷ್ಟು ಎಳೆತ ಬೇಕು. ಮುಂದಿನ ಸೀಟಿನ ಪಟ್ಟಿ ಬಾಗಿಲುಗಳ ನಡುವಿನ ಕಂಬದ ಬುಡದಲ್ಲಿರುವ ಸುರುಳಿಯಿಂದ ಹೊರಟು, ಭುಜದ ಮೇಲಿರುವ ಬಳೆಯ ಮೂಲಕ ಹಾದು, ಲೋಹದ ನಾಲಿಗೆಯಲ್ಲಿ ತೂರಿಕೊಂಡು ಸೀಟಿನ ಬುಡದಲ್ಲಿ ಬೋಲ್ಟಿಗೆ ಸೇರುತ್ತದೆ. ಆ ನಾಲಿಗೆ ಬಕಲ್ಲಿಗೆ ಕೂರುತ್ತದೆ.

ಎಲ್ಲ ಜಾಣತನ ಇರುವುದು ಸುರುಳಿಯಲ್ಲಿ. ಅದರೊಳಗೆ ಎರಡು ಬಗೆಯ ತಡೆ ಇದೆ. ಒಂದು, ಪಟ್ಟಿಯನ್ನು ಜಗ್ಗನೆ ಎಳೆದರೆ ಹಲ್ಲು ಕಚ್ಚಿಕೊಳ್ಳುವುದು. ಇನ್ನೊಂದು, ಕಾರು ತಟಕ್ಕನೆ ನಿಧಾನವಾದಾಗ ಅಥವಾ ವಾಲಿದಾಗ ಒಳಗಿನ ಪುಟ್ಟ ಗುಂಡು ಜರುಗಿ ಸುರುಳಿಯನ್ನು ಹಿಡಿಯುವುದು. ಚಾರ್ಮಾಡಿಯಂಥ ಘಾಟಿಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿದಾಗ ಬೆಲ್ಟ್ ಬರುವುದೇ ಇಲ್ಲ, ಕೆಟ್ಟಿದೆ ಎಂದು ದೂರುವವರಿದ್ದಾರೆ. ಅದು ಈ ಗುಂಡಿನ ಕೆಲಸ, ಕೆಟ್ಟಿರುವುದಲ್ಲ. ಪಟ್ಟಿಯನ್ನು ಪೂರ್ತಿ ಒಳಗೆ ಬಿಟ್ಟು ನಿಧಾನವಾಗಿ ಎಳೆಯಿರಿ. ಆಗಲೂ ಬರದಿದ್ದರೆ ಸಮತಟ್ಟಾದ ಕಡೆ ನಿಲ್ಲಿಸಿ ಹಾಕಿಕೊಳ್ಳಿ.

ಈಚಿನ ಕಾರುಗಳ ಮುಂದಿನ ಬೆಲ್ಟಿಗೆ ಪ್ರಿಟೆನ್ಷನರ್ ಇರುತ್ತದೆ. ಅದರಲ್ಲಿರುವ ಸಣ್ಣ ಮದ್ದು ಸಿಡಿದು, ಮೈ ಮುಂದೆ ಜರುಗುವ ಮೊದಲೇ ಪಟ್ಟಿಯನ್ನು ಹತ್ತು ಸೆಂಟಿಮೀಟರಿನಷ್ಟು ಬಿಗಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಎದೆಯ ಮೇಲಿನ ಭಾರ ಮಿತಿ ಮೀರಿದರೆ ಸುರುಳಿಯ ನಡುವಿನ ಉಕ್ಕಿನ ಸರಳು ತಿರುಚಿಕೊಂಡು ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮದ್ದು ಒಮ್ಮೆ ಸಿಡಿದರೆ ಮುಗಿಯಿತು, ಇಡೀ ಜೋಡಣೆಯನ್ನೇ ಬದಲಿಸಬೇಕು. ನಮ್ಮ ಬಹಳಷ್ಟು ಕಾರುಗಳ ಹಿಂದಿನ ಸೀಟಿನಲ್ಲಿ ಪ್ರಿಟೆನ್ಷನರ್ ಇಲ್ಲ. ಅಂದರೆ ಹಿಂದೆ ಕೂತವರು ಪಟ್ಟಿಯ ಸಡಿಲವನ್ನು ಕೈಯಿಂದಲೇ ತೆಗೆಯಬೇಕು, ತೆಗೆಯಲು ಬೇರೆ ಯಾರೂ ಇಲ್ಲ.

ಹಾಕಿಕೊಳ್ಳುವ ಕ್ರಮಕ್ಕೆ ಬರೋಣ. ಹಾಕಿಕೊಂಡವರಲ್ಲೂ ತಪ್ಪಾಗಿ ಹಾಕಿಕೊಂಡವರು ಕಡಿಮೆಯಿಲ್ಲ. ಮೊದಲು ಕೂರುವ ರೀತಿ: ಸೊಂಟದ ಹಿಂಭಾಗ ಸೀಟಿನ ಮೂಲೆಗೆ ತಾಗಬೇಕು, ಬೆನ್ನು ನೆಟ್ಟಗಿರಬೇಕು, ಚಾಲಕರ ಎದೆಮೂಳೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು. ಪಟ್ಟಿ ತಿರುಚಿಕೊಂಡಿಲ್ಲವೆಂದು ನೋಡಿ. ತಿರುಚಿದ ಕಡೆ ಅಗಲ ಹೋಗಿ ಹಗ್ಗವಾಗುತ್ತದೆ, ಅಲ್ಲೇ ಕೊಯ್ಯುತ್ತದೆ. ನಾಲಿಗೆ ಕೂತಾಗ ಕ್ಲಿಕ್ ಎನ್ನಬೇಕು, ಒಮ್ಮೆ ಜಗ್ಗಿ ನೋಡಬೇಕು. ಆಮೇಲೆ ಕೆಳಗಿನ ಪಟ್ಟಿಯನ್ನು ಹೊಟ್ಟೆಯಿಂದ ಕೆಳಕ್ಕೆ, ತೊಡೆ ಶುರುವಾಗುವ ಕಡೆಗೆ ತಳ್ಳಿ. ಪಕ್ಕೆಯಲ್ಲಿ ಕೈಗೆ ಸಿಗುವ ಸೊಂಟದ ಎಲುಬಿನ ದಿಂಡಿಗಿಂತ ಅದು ಕೆಳಗಿರಬೇಕು. ಕೊನೆಗೆ ಭುಜದ ಪಟ್ಟಿಯನ್ನು ಬಕಲ್ಲಿನ ಹತ್ತಿರ ಹಿಡಿದು ಮೇಲಕ್ಕೆ ಎಳೆದರೆ ಉಳಿದ ಸಡಿಲ ಸುರುಳಿಯೊಳಗೆ ಹೋಗುತ್ತದೆ. ಎದೆಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರಿದರೆ ಸಾಕು, ಮುಷ್ಟಿ ತೂರಬಾರದು. ಭುಜದ ಪಟ್ಟಿ ಕುತ್ತಿಗೆಗೂ ತೋಳಿಗೂ ನಡುವೆ, ಕಾಲರ್ ಎಲುಬಿನ ಮೇಲೆ ಹಾಯಬೇಕು. ಕುತ್ತಿಗೆಗೆ ಉಜ್ಜುತ್ತಿದ್ದರೆ ಕಂಬದ ಮೇಲಿನ ಬಳೆಯನ್ನು ಗುಂಡಿ ಒತ್ತಿ ಕೆಳಗಿಳಿಸಬಹುದು. ಈ ಸೌಲಭ್ಯ ತಮ್ಮ ಕಾರಿನಲ್ಲಿದೆ ಎಂದೇ ಎಷ್ಟೋ ಮಾಲೀಕರಿಗೆ ತಿಳಿದಿರುವುದಿಲ್ಲ.

ಕುತ್ತಿಗೆಗೆ ತಾಗುತ್ತದೆಂದು ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುವುದು ಬಹಳ ಕೆಟ್ಟ ಅಭ್ಯಾಸ. ಆಗ ಭಾರವೆಲ್ಲ ಕೆಳಗಿನ ಪಕ್ಕೆಲುಬುಗಳ ಮೇಲೆ ಬೀಳುತ್ತದೆ. ಅವು ಮುರಿದರೆ ಒಳಗಿರುವುದು ಪಿತ್ತಜನಕಾಂಗ, ಗುಲ್ಮ. ಚಾಲಕರ ಪಕ್ಕದಲ್ಲಿ ಸೀಟು ಚಾಚಿ ಮಲಗುವುದೂ ಅಂಥದ್ದೇ. ಮೈ ಪಟ್ಟಿಯ ಕೆಳಗಿನಿಂದ ಜಾರುತ್ತದೆ, ಕೆಳಪಟ್ಟಿ ಸೊಂಟದ ಎಲುಬು ಬಿಟ್ಟು ಮೆತ್ತನೆಯ ಹೊಟ್ಟೆಗೆ ಏರುತ್ತದೆ, ಕರುಳು ಹರಿಯುತ್ತದೆ. ಭುಜದ ಪಟ್ಟಿಯಂತೂ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ರಾತ್ರಿ ಪ್ರಯಾಣದಲ್ಲಿ ನಿದ್ದೆ ಬರುವವರು ಹಿಂದಿನ ಸೀಟಿಗೆ ಹೋಗಿ, ಬೆಲ್ಟ್ ಹಾಕಿ, ಕೂತೇ ಮಲಗಲಿ.

ಗರ್ಭಿಣಿಯರು ಬೆಲ್ಟ್ ಹಾಕಬಾರದು ಎನ್ನುವ ಮಾತು ಮನೆಮನೆಯಲ್ಲಿದೆ. ಹಾಕಲೇಬೇಕು. ಕೆಳಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ತೊಡೆಗಂಟಿ. ಮೇಲ್ಪಟ್ಟಿ ಎದೆಯ ನಡುವೆ ಹಾದು ಉಬ್ಬಿನ ಪಕ್ಕಕ್ಕೆ. ಸೀಟನ್ನು ಆದಷ್ಟು ಹಿಂದಕ್ಕೆ ಸರಿಸಿರಬೇಕು. ಸಣ್ಣ ಡಿಕ್ಕಿಯಾದರೂ, ನೋವು ಇಲ್ಲದಿದ್ದರೂ, ಅಂದೇ ವೈದ್ಯರನ್ನು ಕಾಣಬೇಕು.

ಇನ್ನು ಹಿಂದಿನ ಸೀಟು. ನಮ್ಮ ದೊಡ್ಡ ತೂತು ಇಲ್ಲೇ ಇದೆ. ಹಿಂದೆ ಕೂತವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತೋ, ಭೌತಶಾಸ್ತ್ರದಿಂದಂತೂ ಬಂದಿಲ್ಲ. 2014ರ ಜೂನ್ 3ರಂದು ದೆಹಲಿಯ ರಸ್ತೆ ಅಪಘಾತದಲ್ಲಿ ತೀರಿಕೊಂಡ ಕೇಂದ್ರ ಸಚಿವ ಗೋಪಿನಾಥ ಮುಂಡೆ ಕೂತಿದ್ದದ್ದು ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಸೂರ್ಯಾ ನದಿಯ ಸೇತುವೆಯ ತಡೆಗೋಡೆಗೆ ಬಡಿದ ಕಾರಿನಲ್ಲಿ ಟಾಟಾ ಸಮೂಹದ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮತ್ತು ಪಕ್ಕದಲ್ಲಿದ್ದವರು ಸತ್ತರು. ಹಿಂದೆ ಕೂತಿದ್ದ ಆ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಮುಂದಿದ್ದ ಇಬ್ಬರೂ ತೀವ್ರವಾಗಿ ಗಾಯಗೊಂಡರೂ ಉಳಿದರು. ಅದು ಮರ್ಸಿಡಿಸ್ ಕಾರು; ದುಬಾರಿ ಕಾರು ಬೆಲ್ಟಿಗೆ ಬದಲಿಯಾಗಲಿಲ್ಲ.

ಹಿಂದೆ ಬೆಲ್ಟ್ ಹಾಕದವರು ತಮ್ಮ ಜೀವಕ್ಕಷ್ಟೇ ಅಪಾಯ ಎಂದುಕೊಂಡಿದ್ದರೆ ಅದೂ ತಪ್ಪು. 60 ಕೆಜಿಯ ವ್ಯಕ್ತಿ 50ರ ವೇಗದಲ್ಲಿ ಮುಂದಿನ ಸೀಟಿನ ಬೆನ್ನಿಗೆ ಬಡಿದು, ಸೀಟು ಒಂದಡಿ ಬಾಗಿ ಅವರನ್ನು ನಿಲ್ಲಿಸಿತು ಎಂದುಕೊಳ್ಳಿ. ಆ ಹೊಡೆತ ಸುಮಾರು 2 ಟನ್. ಮುಂದೆ ಕೂತವರು ಬೆಲ್ಟ್ ಹಾಕಿಕೊಂಡೇ ಇದ್ದಾರೆ, ಅವರ ಎದೆ ಬೆಲ್ಟಿಗೂ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹಿಂದಿನವರು ಬೆಲ್ಟ್ ಹಾಕುವವರೆಗೆ ಗಾಡಿ ಸ್ಟಾರ್ಟ್ ಮಾಡದ ಚಾಲಕರನ್ನು ಯಾರೂ ದುರಹಂಕಾರಿ ಎನ್ನಬೇಕಿಲ್ಲ. ಮಾವನವರೇ ಕೂತಿದ್ದರೂ ಕೇಳುವ ಹಕ್ಕು ಅವರಿಗಿದೆ.

ಹಿಂದೆ ಬೆಲ್ಟ್ ಹಾಕದಿರಲು ಎಷ್ಟೋ ಸಲ ಮನಸ್ಸಿಗಿಂತ ಬಕಲ್ಲೇ ಕಾರಣ. ಹೊಸ ಕಾರಿಗೆ ಹೊರಗಿನ ಅಂಗಡಿಯಲ್ಲಿ ಸೀಟ್ ಕವರ್ ಹಾಕಿಸುವಾಗ ಬಕಲ್ಲುಗಳು ಕವರಿನ ಅಡಿಗೆ ಸೇರುತ್ತವೆ. ಬಾಡಿಗೆ ಕಾರುಗಳಲ್ಲಿ ಅವನ್ನು ಸೀಟಿನ ಸಂದಿಗೆ ತುರುಕಿ, ಮೇಲೆ ಟವೆಲ್ ಹಾಸಿರುತ್ತಾರೆ. ಪಟ್ಟಿ ಇದೆ, ನಾಲಿಗೆ ಇದೆ, ಸಿಕ್ಕಿಸುವ ಜಾಗ ಮಾತ್ರ ಕಾಣುವುದಿಲ್ಲ. ಕವರ್ ಹಾಕಿಸುವವರು ಅಂಗಡಿಯಲ್ಲೇ ನಿಂತು, ಮೂರೂ ಬಕಲ್ಲು ಹೊರಬರುವಂತೆ ರಂಧ್ರ ಮಾಡಿಸಿ, ಮೂರಕ್ಕೂ ನಾಲಿಗೆ ಕೂರಿಸಿ ನೋಡಿದ ಮೇಲೆ ದುಡ್ಡು ಕೊಡಲಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಹೊಲಿಗೆ ಬಿಚ್ಚಿಕೊಳ್ಳುವಂಥ ಕವರೇ ಆಗಬೇಕು. ಬಕಲ್ಲು ಒಳಗೆ ಹೋಗಿದ್ದರೆ ಸೀಟಿನ ಬೆನ್ನು ಮತ್ತು ಆಸನ ಸೇರುವ ಸಂದಿಗೆ ಕೈ ಹಾಕಿ ಮೇಲೆತ್ತಬಹುದು. ಹಲವು ಕಾರುಗಳಲ್ಲಿ ಆಸನದ ಮುಂದಿನ ಅಂಚನ್ನು ಮೇಲಕ್ಕೆ ಜಗ್ಗಿದರೆ ಅದು ಕಳಚಿಯೂ ಬರುತ್ತದೆ. ಎರಡು ನಿಮಿಷದ ಕೆಲಸ.

ಹಳೆಯ ಕಾರುಗಳ ಹಿಂದಿನ ನಡುಸೀಟಿನಲ್ಲಿ ಸೊಂಟಕ್ಕೆ ಮಾತ್ರ ಪಟ್ಟಿ ಇರುತ್ತದೆ. ಏನೂ ಇಲ್ಲದ್ದಕ್ಕಿಂತ ಅದು ಮೇಲು. ಆದರೆ ಬಿಗಿಯಾಗಿ, ಹೊಟ್ಟೆಯ ಕೆಳಗೆ ಹಾಕಬೇಕು.

ಮಕ್ಕಳ ವಿಷಯದಲ್ಲಿ ನಾವು ಪ್ರೀತಿಯ ಹೆಸರಲ್ಲಿ ಮಾಡುವ ತಪ್ಪು ದೊಡ್ಡದು. ತೊಡೆಯ ಮೇಲಿನ 10 ಕೆಜಿ ಮಗು 50ರ ವೇಗದ ಡಿಕ್ಕಿಯಲ್ಲಿ ಕನಿಷ್ಠ 120 ಕೆಜಿ ಮೂಟೆಯಾಗುತ್ತದೆ. ಅದನ್ನು ತಡೆಹಿಡಿಯುವ ತಾಯಿ ಇಲ್ಲ, ತಂದೆಯೂ ಇಲ್ಲ. ತಾಯಿ ತಾನೇ ಬೆಲ್ಟ್ ಹಾಕಿರದಿದ್ದರೆ ಮಗು ಅವಳಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ಮೆತ್ತೆಯಾಗುತ್ತದೆ. ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕುವುದೂ ಅಷ್ಟೇ ಕೆಡುಕು, ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ. ಎಳೆಗೂಸಿಗೆ ಹಿಮ್ಮುಖವಾಗಿ ಕೂರಿಸುವ ಸೀಟು ಬೇಕು, ಏಕೆಂದರೆ ಅದರ ತಲೆ ದೊಡ್ಡದು, ಕುತ್ತಿಗೆ ಬಲಹೀನ; ಬೆನ್ನು ಪೂರ್ತಿ ಆ ಹೊಡೆತವನ್ನು ಹಂಚಿಕೊಳ್ಳುತ್ತದೆ. ಅಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬಾರದು. ಕಟ್ಟಿದ ಸೀಟನ್ನು ಪಟ್ಟಿ ಹಾಯುವ ಕಡೆ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಜರುಗಬಾರದು. ದೊಡ್ಡ ಮಕ್ಕಳಿಗೆ ಬೂಸ್ಟರ್ (ಎತ್ತರಿಸಿ ಕೂರಿಸುವ ಸೀಟು) ಬೇಕೋ ಬೇಡವೋ ಎನ್ನುವುದನ್ನು ವಯಸ್ಸಿಗಿಂತ ಎತ್ತರ ಹೇಳುತ್ತದೆ: ಬೆನ್ನು ಸೀಟಿಗೆ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಕೆಳಪಟ್ಟಿ ತೊಡೆಯ ಮೇಲೆ, ಮೇಲ್ಪಟ್ಟಿ ಭುಜದ ನಡುವೆ ಕೂರಬೇಕು. ಸುಮಾರು 145 ಸೆಂಟಿಮೀಟರ್ ಎತ್ತರ ಆಗುವವರೆಗೆ ಬಹುಪಾಲು ಮಕ್ಕಳಿಗೆ ಹೀಗೆ ಕೂರುವುದಿಲ್ಲ.

ಕಾನೂನನ್ನು ಬೇಗ ಮುಗಿಸುತ್ತೇವೆ. ಕೇಂದ್ರ ಮೋಟಾರು ವಾಹನ ನಿಯಮ 138(3)ರಂತೆ ಚಾಲಕರು, ಮುಂದೆ ಕೂತವರು, ಮುಂದಕ್ಕೆ ಮುಖವಿರುವ ಹಿಂದಿನ ಸೀಟಿನವರು ಎಲ್ಲರೂ ಬೆಲ್ಟ್ ಧರಿಸಬೇಕು. 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 194ಬಿ ಪ್ರಕಾರ ದಂಡ 1,000 ರೂಪಾಯಿ; 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೂ ಅಷ್ಟೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 16,715 ಮಂದಿ ಬೆಲ್ಟ್ ಹಾಕಿರಲಿಲ್ಲ. ಚಾಲಕರು 8,384, ಪ್ರಯಾಣಿಕರು 8,331. ಎರಡೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರುವುದನ್ನು ನೋಡಿ.

2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ಸದ್ದು ಕಡ್ಡಾಯ. ಅದನ್ನು ಸುಮ್ಮನಾಗಿಸಲು ಬರೀ ನಾಲಿಗೆಯಷ್ಟೇ ಇರುವ ಕ್ಲಿಪ್ಪುಗಳು ಮಾರಾಟಕ್ಕೆ ಬಂದವು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳ ಮೇಲೆ ಆದೇಶ ಹೊರಡಿಸಿ ಅಂಥ ಸಾವಿರಾರು ಪುಟಗಳನ್ನು ತೆಗೆಸಿತು. ಕ್ಲಿಪ್ಪಿನ ಅಪಾಯ ಏರ್‌ಬ್ಯಾಗಿಗೂ ತಟ್ಟುತ್ತದೆ. ಏರ್‌ಬ್ಯಾಗ್ ಉಬ್ಬುವುದು ಸೆಕೆಂಡಿನ ಮೂವತ್ತನೇ ಒಂದು ಭಾಗದ ಆಸುಪಾಸಿನಲ್ಲಿ, ಬೆಲ್ಟ್ ಹಿಡಿದಿಟ್ಟ ಮೈ ಅದನ್ನು ತಲುಪುವ ಹೊತ್ತಿಗೆ ತುಂಬಿರಲಿ ಎಂಬ ಲೆಕ್ಕದಲ್ಲಿ. ಬೆಲ್ಟ್ ಇಲ್ಲದವರು ಬ್ರೇಕಿಗೇ ಮುಂದಕ್ಕೆ ಜಾರಿ, ಉಬ್ಬುತ್ತಿರುವ ಚೀಲಕ್ಕೆ ಮುಖ ಕೊಟ್ಟಿರುತ್ತಾರೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆ. ಮಂಡ್ಯ ಕಡೆಯವರು ಕೇಳಿದ್ದು: ಕಾರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದರೆ ಬೆಲ್ಟ್‌ನಿಂದಲೇ ಸಿಕ್ಕಿಕೊಳ್ಳುವುದಿಲ್ಲವೇ? ನಾಲೆಗೆ ಬಿದ್ದ ಕಾರುಗಳ ಸುದ್ದಿ ಓದಿದವರಿಗೆ ಈ ಭಯ ಸಹಜ. ಆದರೆ ನೀರಿಗೆ ಬೀಳುವಾಗಲೂ ಮೊದಲ ಹೊಡೆತ ಡಿಕ್ಕಿಯದೇ. ಬೆಲ್ಟ್ ಇಲ್ಲದವರು ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದರೆ ಆಮೇಲೆ ಬಾಗಿಲು ಹುಡುಕುವವರು ಯಾರು? ಬಕಲ್ ಬಿಚ್ಚುವುದು ಒಂದು ಗುಂಡಿ ಒತ್ತುವ ಕೆಲಸ, ಕಣ್ಣು ಮುಚ್ಚಿ ಅಭ್ಯಾಸ ಮಾಡಿಕೊಳ್ಳಿ. ನೀರಿಗೆ ಬಿದ್ದರೆ ಕ್ರಮ ಹೀಗೆ: ಕಾರು ತೇಲುತ್ತಿರುವ ಮೊದಲ ಒಂದು ನಿಮಿಷದಲ್ಲೇ ಬೆಲ್ಟ್ ಬಿಚ್ಚಿ, ಪಕ್ಕದ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಿ, ಹಿಂದೆಯೇ ನೀವೂ ಹೊರಬನ್ನಿ. ಫೋನ್ ಮಾಡಲು ನಿಲ್ಲಬೇಡಿ. ಬಾಗಿಲು ತೆರೆಯಲು ಹೆಣಗಬೇಡಿ, ಹೊರಗಿನ ನೀರಿನ ಒತ್ತಡ ಬಿಡುವುದಿಲ್ಲ. ಕಿಟಕಿ ಇಳಿಯದಿದ್ದರೆ ಗಾಜಿನ ಮೂಲೆಗೆ ಗಾಜು ಒಡೆಯುವ ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ಅದು ಒಡೆದು ದಾರಿ ಬಿಡುವುದಿಲ್ಲ. ಪಟ್ಟಿ ಕತ್ತರಿಸುವ ಅಲಗೂ ಇರುವ ಸುತ್ತಿಗೆ ಸಿಗುತ್ತದೆ. ಅದನ್ನು ಕಾರಿನ ಹಿಂಬದಿ ಸಾಮಾನು ಇಡುವ ಜಾಗದಲ್ಲಿಟ್ಟರೆ ಪ್ರಯೋಜನವಿಲ್ಲ, ಚಾಲಕರ ಕೈಗೆಟಕುವ ಬಾಗಿಲ ಜೇಬಿನಲ್ಲಿರಲಿ.

ಬೆಲ್ಟೇ ಗಾಯ ಮಾಡುವುದಿಲ್ಲವೇ ಎಂದರೆ, ಮಾಡುತ್ತದೆ. ಕಾಲರ್ ಎಲುಬು, ಎದೆಮೂಳೆ, ಪಕ್ಕೆಲುಬು ಮುರಿದವರಿದ್ದಾರೆ. ಡಿಕ್ಕಿಯ ನಂತರ ಎದೆ ಹೊಟ್ಟೆಯ ಮೇಲೆ ಪಟ್ಟಿಯ ಅಗಲದ ನೀಲಿಗಟ್ಟಿದ ಗೆರೆ ಕಂಡರೆ, ಹಸಿವು ಚೆನ್ನಾಗಿದೆ, ಓಡಾಡುತ್ತಿದ್ದೇನೆ ಎಂದು ಮನೆಗೆ ಹೋಗಬೇಡಿ. ಒಳಗೆ ಕರುಳಿಗೆ ಪೆಟ್ಟಾಗಿದ್ದರೆ ಅದು ಗಂಟೆಗಳ ನಂತರ ತೋರಬಹುದು.

ಕೊನೆಗೆ ಬೆಲ್ಟಿನ ಆರೈಕೆ. ಪಟ್ಟಿಯನ್ನು ಪೂರ್ತಿ ಹೊರಗೆಳೆದು ಎರಡೂ ಬದಿ ಬೆಳಕಿನಲ್ಲಿ ನೋಡಿ. ಅಂಚಿನ ನೂಲು ಎದ್ದಿದ್ದರೆ, ಬೀಡಿ ಸಿಗರೇಟಿನ ಸುಟ್ಟ ಗುರುತಿದ್ದರೆ, ಇಲಿ ಕಡಿದಿದ್ದರೆ ಬದಲಿಸಬೇಕು. ದರ್ಜಿಯ ಹತ್ತಿರ ಹೊಲಿಸುವಂಥದ್ದಲ್ಲ. ಕೊಳೆಯಾಗಿದ್ದರೆ ಉಗುರುಬೆಚ್ಚನೆಯ ನೀರು, ತಿಳಿ ಸೋಪು ಸಾಕು. ಬ್ಲೀಚು, ಪೆಟ್ರೋಲು, ಬಣ್ಣ ತಾಗಿಸಿದರೆ ನೂಲು ಸೊರಗುತ್ತದೆ. ನೆರಳಲ್ಲಿ ಪೂರ್ತಿ ಒಣಗುವವರೆಗೆ ಸುರುಳಿಯೊಳಗೆ ಬಿಡಬೇಡಿ, ಬೂಸಲು ಹಿಡಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಂತೂ ಒಂದು ದಿನ ಕಾಯಬೇಕು. ಬೆಲ್ಟ್ ತಾನಾಗಿ ಒಳಗೆ ಹೋಗದೆ ಬಾಗಿಲಿಗೆ ಸಿಕ್ಕುತ್ತಿದ್ದರೆ ಸ್ಪ್ರಿಂಗ್ ಕೆಟ್ಟಿತೆಂದು ಹೇಳುವ ಮೊದಲು ಭುಜದ ಬಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೆವರು, ಎಣ್ಣೆ, ಧೂಳು ಸೇರಿ ಅಲ್ಲಿ ಕಪ್ಪನೆ ಜಿಡ್ಡು ಕಟ್ಟಿರುತ್ತದೆ. ಬಹುಪಾಲು ಅಷ್ಟಕ್ಕೇ ಸರಿಹೋಗುತ್ತದೆ. ಬಕಲ್ಲಿಗೆ ಎಣ್ಣೆ ಬಿಡಬೇಡಿ, ಧೂಳು ಇನ್ನಷ್ಟು ಅಂಟುತ್ತದೆ. ಮಕ್ಕಳು ತುರುಕಿದ ನಾಣ್ಯ, ಕಡಲೆಕಾಯಿ ಸಿಪ್ಪೆ ಇದ್ದರೆ ಸಣ್ಣ ಇಕ್ಕಳದಲ್ಲಿ ತೆಗೆಯಿರಿ, ಬರದಿದ್ದರೆ ವರ್ಕ್‌ಶಾಪಿಗೆ ಒಯ್ಯಿರಿ.

ಹಳೆಯ ಕಾರು ಕೊಳ್ಳುವವರು ಎಂಜಿನ್ ಸದ್ದು ಕೇಳಿದಷ್ಟೇ ಶ್ರದ್ಧೆಯಿಂದ ಬೆಲ್ಟ್ ನೋಡಬೇಕು. ಜಗ್ಗನೆ ಎಳೆದಾಗ ಕಚ್ಚಿಕೊಳ್ಳುತ್ತದೆಯೇ? ಖಾಲಿ ಮೈದಾನದಲ್ಲಿ ನಡಿಗೆಯ ವೇಗಕ್ಕಿಂತ ತುಸು ಹೆಚ್ಚಾಗಿ ಓಡಿಸಿ ಬ್ರೇಕ್ ಒತ್ತಿದಾಗ ಹಿಡಿಯುತ್ತದೆಯೇ? ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಬಲ್ಬನ್ನೇ ತೆಗೆದಿರಬಹುದು, ಆರದಿದ್ದರೆ ಮದ್ದು ಸಿಡಿದ ಪ್ರಿಟೆನ್ಷನರನ್ನು ಹಾಗೇ ಬಿಟ್ಟಿರಬಹುದು. ನಾಲಿಗೆ ಮತ್ತು ಬಳೆಯಲ್ಲಿ ಪಟ್ಟಿ ಉಜ್ಜುವ ಕಡೆ ಪ್ಲಾಸ್ಟಿಕ್ ಕರಗಿ ಗೆರೆ ಬಿದ್ದಿದ್ದರೆ ಆ ಬೆಲ್ಟ್ ಒಮ್ಮೆ ಡಿಕ್ಕಿಯಲ್ಲಿ ಒಬ್ಬರನ್ನು ಹಿಡಿದಿದೆ. ಅದರ ಬುಡದ ಲೇಬಲ್ಲಿನಲ್ಲಿ ತಯಾರಿಕೆಯ ತಿಂಗಳು, ವರ್ಷ ಅಚ್ಚಾಗಿರುತ್ತದೆ. ನಾಲ್ಕು ಬೆಲ್ಟುಗಳಲ್ಲಿ ಒಂದರದ್ದು ಮಾತ್ರ ಕಾರಿನ ವರ್ಷಕ್ಕೆ ಹೊಂದದಿದ್ದರೆ, ಆ ಬಾಗಿಲಿನ ಕಡೆ ಏನಾಗಿತ್ತು ಎಂದು ಮಾರುವವರನ್ನು ಕೇಳಿ.